ಸಹಿ ಹಾಕುವ ಮೊದಲು: ಭರಣಿ ಯಾರದ್ದು?

ಪ್ರಶ್ನೆ: ಅತ್ತೆ ಕಲಿಸಿದ ಹದದಲ್ಲಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಬೆಂಗಳೂರಿನ ಕಂಪನಿಯೊಂದು ನನ್ನ ಮಾಲು ಕೊಳ್ಳುವುದಕ್ಕೆ 11 ಪುಟದ ಗೋಪ್ಯತೆಯ ಅಗ್ರಿಮೆಂಟ್ ಕಳಿಸಿದೆ. ವ್ಯವಹಾರ ಮುಗಿದ ಮೇಲೂ 3 ವರ್ಷ ಬೇರೆಯವರಿಗೆ ಮಾರಬಾರದಂತೆ. ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲೋದಿಲ್ಲ, ಸುಮ್ನೆ ಸಹಿ ಹಾಕು’ ಅಂತಾರೆ ನಮ್ಮ ಭಾವ. ಹಾಕಲೇ?
– ಶಿರಸಿಯ ಓದುಗರು

ಉತ್ತರ: ಈ ಭಾವಂದಿರಿಂದ ನನಗೆ ಸಾಕಾಗಿದೆ. ಅವರ ಮಾತು ಕೇಳಿದವರೆಲ್ಲ ಸಹಿ ಹಾಕಿದ ಮೇಲೆಯೇ ನನ್ನ ಹತ್ತಿರ ಬರುತ್ತಾರೆ.

ಅವರು ಹೇಳಿದ್ದು ಅರ್ಧ ನಿಜ. ದುಡಿಮೆಗೆ, ವ್ಯಾಪಾರಕ್ಕೆ ಅಡ್ಡ ಹಾಕುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಸಿಂಧು. ಹೆಸರಿನ ಸಮೇತ ವ್ಯಾಪಾರವನ್ನೇ ಮಾರಿದರೆ ಬೇರೆ ಲೆಕ್ಕ. ಹಾಗಾಗಿ ಆ 3 ವರ್ಷದ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ವ್ಯವಹಾರ ನಡೆಯುತ್ತಿರುವಾಗ ‘ನಮಗೆ ಮಾತ್ರ ಕೊಡಿ’ ಅಂದರೆ ಅದು ನಿಲ್ಲುತ್ತದೆ. 1995ರಲ್ಲಿ ತಂಪು ಪಾನೀಯದ ಬಾಟ್ಲಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು ಒಪ್ಪಿದೆ.

ನನಗೆ ಹೆದರಿಕೆ ಇರುವುದು ಇವೆರಡರದ್ದೂ ಅಲ್ಲ. ನೀವು ಕಳಿಸಿದ ಪ್ರತಿಯ 2ನೇ ಪುಟ ನೋಡಿ. ಎರಡೂ ಕಡೆಯವರು ಹಂಚಿಕೊಂಡ ‘ಎಲ್ಲ ತಯಾರಿಕೆಯ ವಿಧಾನ’ ಗೋಪ್ಯ ಮಾಹಿತಿ, ಅದು ಕಂಪನಿಯ ಸ್ವತ್ತು ಅಂತಿದೆ. ಮಿಡಿಗೆ ತೊಟ್ಟು ಎಷ್ಟು ಬಿಡಬೇಕು, ಉಪ್ಪಿನಲ್ಲಿ ಎಷ್ಟು ದಿನ ಇಡಬೇಕು, ಸಾಸಿವೆ ಎಷ್ಟು ಅಂತ ನೀವು ವಾಟ್ಸಾಪಿನಲ್ಲಿ ಬರೆದು ಕಳಿಸಿದ ದಿನವೇ ನಿಮ್ಮ ಅತ್ತೆಯ ಹದ ಅವರದ್ದು ಅಂತ ಅವರು ಹೇಳಬಹುದು. ಆಮೇಲೆ ಅದೇ ಉಪ್ಪಿನಕಾಯಿ ಮಾರಿದರೆ ‘ಗುಟ್ಟು ಬಿಟ್ಟುಕೊಟ್ಟಿರಿ’ ಅಂತ ನೋಟಿಸ್ ಬರುತ್ತದೆ. ಗೋಪ್ಯತೆಯ ಷರತ್ತು ವ್ಯವಹಾರ ಮುಗಿದ ಮೇಲೂ ಬೆನ್ನು ಬಿಡುವುದಿಲ್ಲ.

ಸ್ವತ್ತಿನ ಸಾಲು ತೆಗೆಸಿ. ‘ನನಗೆ ಮೊದಲೇ ಗೊತ್ತಿದ್ದದ್ದು ನನ್ನದೇ’ ಅಂತ ಬರೆಸಿ. ಗೋಪ್ಯತೆ ಎಷ್ಟು ವರ್ಷ ಅಂತ ಕೇಳಿ. ವ್ಯಾಜ್ಯ ಬೆಂಗಳೂರಿನಲ್ಲೇ ನಡೆಯಬೇಕು ಎಂದೂ ಇದೆ. ಗೆಲ್ಲುವ ಕೇಸಿಗೂ ರಾತ್ರಿ ಬಸ್ಸು ಹತ್ತಬೇಕಲ್ವಾ? ತಿದ್ದುವುದಿಲ್ಲ ಅಂದರೆ ನಾನಾದರೆ ಸಹಿ ಹಾಕುವುದಿಲ್ಲ. ನನಗೆ ಪುಕ್ಕಲು ಜಾಸ್ತಿ ಅನ್ನಿ. ಆಫೀಸಿನ ಬಾಡಿಗೆ ಕರಾರನ್ನೇ ಓದದೆ ಸಹಿ ಹಾಕಿ ಅಡ್ವಾನ್ಸ್ ಕಳೆದುಕೊಂಡ ವಕೀಲ ನಾನು.

ಪ್ರಶ್ನೆ: ಸ್ಟಾಂಪ್ ಪೇಪರಿನಲ್ಲಿ ಇಲ್ಲದ ಅಗ್ರಿಮೆಂಟ್ ಲೆಕ್ಕಕ್ಕಿಲ್ಲ, ಅಲ್ವಾ? – ಕಾರವಾರ

ಉತ್ತರ: ಅಲ್ಲ. ಬಾಕಿ ಶುಲ್ಕ, ದಂಡ ಕಟ್ಟಿಸಿಕೊಂಡು ಕೋರ್ಟು ಅದನ್ನೂ ನೋಡುತ್ತದೆ. ಮೊಬೈಲಿನಲ್ಲಿ ‘ಒಪ್ಪಿದೆ’ ಅಂತ ಒತ್ತಿದರೂ ಕರಾರೇ.

ಪ್ರಶ್ನೆ: 3 ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಬಾಂಡ್ ನಡೆಯುತ್ತದೆಯೇ? – ಅಂಕೋಲಾ

ಉತ್ತರ: ನಡೆಯಬಹುದು. 2025ರಲ್ಲಿ ಸರ್ಕಾರಿ ಬ್ಯಾಂಕೊಂದರ ಇಂಥದ್ದೇ ಬಾಂಡನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಪ್ರಶ್ನೆ: ಕೆಲಸ ಕೊಡುವವರು ಅಸಲಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರಂತೆ. – ಕುಮಟಾ

ಉತ್ತರ: ತೋರಿಸಿ. ಕೊಡಬೇಡಿ.

ಪ್ರಶ್ನೆ: ಜೆರಾಕ್ಸ್ ಅಂಗಡಿಯವರು ಓದಿ ‘ಓಕೆ’ ಅಂದಿದ್ದಾರೆ. ಸಾಕಲ್ವಾ? – ಸಿದ್ದಾಪುರ

ಉತ್ತರ: ನೋಟಿಸ್ ಬಂದಾಗ ಅದನ್ನೂ ಅಲ್ಲೇ ಜೆರಾಕ್ಸ್ ಮಾಡಿಸಿ.