ಭಾನುವಾರ ಅಪ್ಪನ ಜೊತೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ ನೋಡಲು ಹೋಗುತ್ತಿದ್ದೇನೆ, ಏನೇನು ನೋಡಬೇಕು?

ಭಾನುವಾರ ಹೋಗಬೇಡಿ.

ಎಂಎಸ್ಸಿ ಸೇರುವ ಮುಂಚೆ ಒಂದು ಸುತ್ತು ನೋಡಿಕೊಂಡು ಬಂದು, ಇದೇ ಇರಲಾ ಇಲ್ಲ ಖಾಸಗಿ ಕಾಲೇಜೇ ವಾಸಿಯಾ ಅಂತ ಅಪ್ಪನೂ ನೀವೂ ತೀರ್ಮಾನ ಮಾಡುತ್ತೀರಿ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಎಂದಿತು. 2013ರಲ್ಲಿ ನಾನು ಮಾಡಿದ್ದೂ ಇದನ್ನೇ.

ನಮ್ಮದು ಮಂಡ್ಯದ ಕಡೆ ಹಳ್ಳಿ. ಬಿಎಸ್ಸಿಯಲ್ಲಿ ನನಗೆ ಸಸ್ಯಶಾಸ್ತ್ರ ಅಂದರೆ ಪ್ರಾಣ. ಗಿಡ ಒತ್ತಿ ಒಣಗಿಸುವುದಕ್ಕೆ ಮನೆಯ ಹಳೇ ಪೇಪರೆಲ್ಲ ಖಾಲಿ ಮಾಡಿ, ಅವ್ವನ ಹಾಸಿಗೆ ಕೆಳಗೆಲ್ಲ ಎಲೆ ಸೇರಿಸಿಟ್ಟು ಬೈಸಿಕೊಂಡವಳು. ಅಪ್ಪನಿಗೆ ವಾರದ ದಿನ ಬಿಡುವಿಲ್ಲ. ಭಾನುವಾರ ಹೋದರೆ ನನಗೂ ಕ್ಲಾಸ್ ತಪ್ಪುವುದಿಲ್ಲ, ಅಲ್ಲಿಯವರೂ ಪುರಸೊತ್ತಾಗಿರುತ್ತಾರೆ ಅಂತ ಅವರ ಲೆಕ್ಕ. ನನಗೂ ಸರಿ ಅನ್ನಿಸಿತು. ಪುರಸೊತ್ತಾಗಿರುವುದು ಅಂದರೆ ಅಲ್ಲಿ ಇರುವುದೇ ಇಲ್ಲ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಕೆಂಗೇರಿಯಲ್ಲಿ ಇಳಿದು ಸಿಟಿ ಬಸ್ ಹತ್ತಿ, ವೃಷಭಾವತಿಯ ವಾಸನೆಗೆ ಮೂಗು ಮುಚ್ಚಿಕೊಂಡು, ಗೇಟಿನ ಹತ್ತಿರ ಇಳಿದಾಗ ಹನ್ನೆರಡೂವರೆ. ಒಳಗೆ ನಡೆದೆವು, ನಡೆದೆವು, ನಡೆಯುತ್ತಲೇ ಇದ್ದೆವು. ಮೈಸೂರು ರಸ್ತೆಯಿಂದ ನಾಗರಬಾವಿ ಕಡೆಗೆ ಹೋಗುವ ಬೈಕುಗಳು ಸುಯ್ಯನೆ ದಾಟುತ್ತಿದ್ದವು, ಅಷ್ಟೇ. ಈ ಜಾಗ ಸುಮಾರು 1,100 ಎಕರೆ ಅಂದೆ. ಎಕರೆ ಅಂದರೆ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಲ್ಲ, ನಿಂತುಬಿಟ್ಟರು. "ನಮ್ಮೂರು, ಪಕ್ಕದೂರು ಎರಡರ ಜಮೀನು ಸೇರ್ಸಿದ್ರೂ ಇಷ್ಟಾಗಲ್ಲ ಕನವ್ವ. ಇಲ್ಲಿ ಒಂದು ನರಪಿಳ್ಳೆ ಇಲ್ಲ. ಇದು ಕಾಲೇಜೋ ಕಾಡೋ?"

ಡಿಪಾರ್ಟ್‌ಮೆಂಟಿಗೆ ಬೀಗ. ಗಾಜಿನೊಳಗಿನ ನೋಟಿಸ್ ಬೋರ್ಡಿನಲ್ಲಿ ಏನೋ ಕೈಬರಹದ ಚೀಟಿ ಇತ್ತು. ಓದಲು ಬಗ್ಗಿದೆ, ಅಪ್ಪ "ಬಾ ಮಗ, ಹೊತ್ತಾಯ್ತದೆ" ಅಂದರು, ಎದ್ದು ಬಂದೆ. ವಾಚ್‌ಮನ್ ಒಬ್ಬರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಇವತ್ತು ಯಾರೂ ಸಿಗಲ್ಲ ಯಜಮಾನ್ರೇ, ನಾಳೆ ಬನ್ನಿ."

ನಾಳೆ! ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಚಿಕ್ಕಮ್ಮನ ಮನೆಯಿತ್ತು. ಒಂದು ರಾತ್ರಿ ಉಳಿದಿದ್ದರೆ ಮುಗಿಯುತ್ತಿತ್ತು. ಆದರೆ ಸೋಮವಾರ ನಮ್ಮ ಗದ್ದೆಗೆ ನಾಲೆ ನೀರಿನ ಸರದಿ. ಅಪ್ಪ ಉಳಿಯುವ ಹಾಗಿರಲಿಲ್ಲ. ನಾನೊಬ್ಬಳೇ ಉಳಿಯುತ್ತೇನೆ ಅನ್ನಬಹುದಿತ್ತು, ಚಿಕ್ಕಮ್ಮ ಬೇಡ ಅನ್ನುತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಅಪ್ಪನ ಹೆದರಿಕೆ ಅಷ್ಟೊತ್ತಿಗೆ ನನಗೂ ಅಂಟಿತ್ತು, ಅದೇ ಕಾರಣ. ಸಸ್ಯಶಾಸ್ತ್ರ ಓದಲು ಹೋದವಳು ಮರ ನೋಡಿ ಹೆದರಿ ವಾಪಸ್ ಬಂದೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ನಾನೂ ನಗುತ್ತೇನೆ.

ಸಂತೆ ಇಲ್ಲದ ದಿನ ಸಂತೆಮಾಳಕ್ಕೆ ಹೋಗಿ, ಈ ಊರಲ್ಲಿ ವ್ಯಾಪಾರವೇ ಇಲ್ಲ ಅಂದ ಹಾಗಾಯಿತು ನಮ್ಮ ಕಥೆ. ನಾವು ನೋಡಿದ್ದು ಭಾನುವಾರವನ್ನು, ಕ್ಯಾಂಪಸ್ಸನ್ನು ನೋಡಿದೆವು ಅಂದುಕೊಂಡೆವು. ಅಪ್ಪನನ್ನು ಹೆದರಿಸಿದ್ದು ಮರವಲ್ಲ, ಜನ ಇಲ್ಲದ್ದು. ಜನ ಯಾಕಿಲ್ಲ ಅಂತ ಇಬ್ಬರಲ್ಲಿ ಒಬ್ಬರಾದರೂ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಕಾರಣ ವಾಚ್‌ಮನ್ ಬಾಯಲ್ಲೇ ಇತ್ತಲ್ಲ!

ಮುಂದಿನ ಭಾನುವಾರ ಬೆಂಗಳೂರಿನದೇ ಒಂದು ಖಾಸಗಿ ಕಾಲೇಜಿಗೆ ಹೋದೆವು. ಅದು ಭಾನುವಾರವೂ ತೆರೆದಿತ್ತು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಕೋಟು ತೊಟ್ಟ ಹುಡುಗಿಯೊಬ್ಬಳು ಕಾಫಿ ಕೊಟ್ಟು, ಲಿಫ್ಟಿನಲ್ಲಿ ಐದನೇ ಮಹಡಿಗೆ ಕರೆದೊಯ್ದು, ಗಾಜಿನ ಬಾಗಿಲ ಆಚೆಗಿದ್ದ, ಗಿಡದ ತುಣುಕಿನಿಂದ ಸಸಿ ಬೆಳೆಸುವ ಟಿಶ್ಯೂ ಕಲ್ಚರ್ ಲ್ಯಾಬ್ ತೋರಿಸಿದಳು. ಅಪ್ಪ ಮೇಲೆ ನೋಡಿ, "ನೋಡವ್ವ, ಮೂಲೆಮೂಲೆಗೂ ಕ್ಯಾಮೆರಾ ಇಕ್ಕವ್ರೆ" ಅಂದರು. ಅಲ್ಲಿಗೆ ತೀರ್ಮಾನ ಆಯಿತು. ಸಸ್ಯಶಾಸ್ತ್ರ ಅಲ್ಲಿರಲಿಲ್ಲ, ಬಯೋಟೆಕ್ನಾಲಜಿ ಇತ್ತು. "ಎರಡೂ ಒಂದೇ ಸರ್" ಅಂದಳು ಹುಡುಗಿ. ಒಂದಲ್ಲ. ಮೊದಲ ವರ್ಷದ ಫೀಸು ಒಂದೂವರೆ ಲಕ್ಷ. ಕಬ್ಬಿನ ದುಡ್ಡು ಬಂದಿರಲಿಲ್ಲ, ಅವ್ವನ ಚೀಟಿ ಕೂಗಿ ಕಟ್ಟಿದರು. ಆ ಗಾಜಿನ ಬಾಗಿಲ ಒಳಗೆ ಎರಡು ವರ್ಷದಲ್ಲಿ ನಾನು ಕಾಲಿಟ್ಟಿದ್ದು ಎರಡು ಸಲ. ಕಟ್ಟಡದಲ್ಲಿದ್ದ ಗಿಡಗಳು ಪ್ಲಾಸ್ಟಿಕ್ಕಿನವು.

2015ರ ಫೆಬ್ರವರಿಯಲ್ಲಿ, ಒಂದು ಬುಧವಾರ, ನನ್ನ ಬಿಎಸ್ಸಿ ಗೆಳತಿಯನ್ನು ನೋಡಲು ಜ್ಞಾನಭಾರತಿಗೆ ಹೋದೆ. ಅವಳು ಅಲ್ಲಿ ಸಸ್ಯಶಾಸ್ತ್ರ ಸೇರಿದ್ದಳು. ಅದೇ ರಸ್ತೆ. ಬಸ್ಸಿನಿಂದ ಹುಡುಗಿಯರು ದಂಡುದಂಡಾಗಿ ಇಳಿಯುತ್ತಿದ್ದರು. ಕ್ಯಾಂಟೀನಿನಲ್ಲಿ ಕೂರಲು ಜಾಗ ಇಲ್ಲ. ಇವಳ ಕ್ಲಾಸಿನ ಐದಾರು ಜನ ಒಂದು ಎಳೆ ಗಿಡದ ಸುತ್ತ ನಿಂತು ಜಗಳವಾಡುತ್ತಿದ್ದರು, ಹೊಳೆಮತ್ತಿಯೋ ಕರಿಮತ್ತಿಯೋ ಅಂತ. ದೊಡ್ಡ ಮರವಾಗಿದ್ದರೆ ತೊಗಟೆ ನೋಡಿದರೆ ಗೊತ್ತಾಗುತ್ತದೆ: ಹೊಳೆಮತ್ತಿಯದು ನುಣುಪು, ಬೆಳ್ಳಗೆ, ಕರಿಮತ್ತಿಯದು ಮೊಸಳೆ ಬೆನ್ನು. ಎಳೆಯದರಲ್ಲಿ ತಬ್ಬಿಬ್ಬು. ನಾನೂ ಜಗಳಕ್ಕೆ ನುಗ್ಗಿದೆ. ಕಾಲು ಗಂಟೆ. ಆಮೇಲೆ ಅವರಿಗೆ ಪ್ರಾಕ್ಟಿಕಲ್ ಬೆಲ್ ಆಯಿತು, ಹೋದರು. ನಾನು ಹೊರಗೆ ಉಳಿದೆ.

ಹಾಗಾಗಿ ಏನೇನು ನೋಡಬೇಕು ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ, ದಿನ ಬದಲಿಸಿ ಅಂತಲೇ ಹೇಳುವುದು. ಎರಡನೇ ಶನಿವಾರ, ನಾಲ್ಕನೇ ಶನಿವಾರವೂ ಬೇಡ. ಪರೀಕ್ಷೆ ಸಮಯ, ಸೆಮಿಸ್ಟರ್ ರಜೆ ಬೇಡ. ಪಾಠ ನಡೆಯುತ್ತಿರುವ ವಾರದಲ್ಲಿ, ಮಂಗಳವಾರವೋ ಬುಧವಾರವೋ ಹತ್ತೂವರೆಗೆ ಅಲ್ಲಿರಿ. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯನ್ನೂ ನೋಡುವ ಯೋಚನೆ ಇದ್ದರೆ ಅಲ್ಲಿ ಭಾನುವಾರದ ಮೋಸ ಇನ್ನೊಂದು ಥರ: ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜನವೋ ಜನ, ಆದರೆ ಅವರು ವಾಕಿಂಗ್ ಬಂದ ಊರಿನವರು.

ಹೊರಡುವ ಮುಂಚೆ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ, ಅದು ಇರುವುದೆಲ್ಲಿ ಅಂತ ಕೇಳಿ. ತಮಾಷೆಯಲ್ಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು ಪೇಟೆಯ ಸೆಂಟ್ರಲ್ ಕಾಲೇಜನ್ನೂ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನೂ ಸೇರಿಸಿಕೊಂಡು. ಜ್ಞಾನಭಾರತಿಗೆ ಬಂದದ್ದು 1973ರಲ್ಲಿ. 2017ರಲ್ಲಿ ಅದು ಮೂರು ಭಾಗವಾಯಿತು. ಸೆಂಟ್ರಲ್ ಕಾಲೇಜಿನದು ಈಗ ಬೇರೆ ವಿಶ್ವವಿದ್ಯಾಲಯ, ಕೋಲಾರದ ಕಡೆಯದು ಇನ್ನೊಂದು. ಬೋರ್ಡ್ ಮೇಲೆಲ್ಲ "ಬೆಂಗಳೂರು" ಅಂತಲೇ ಇರುತ್ತದೆ.

ಹೋದ ಮೇಲೆ ಪ್ರೊಫೆಸರನ್ನು ಹುಡುಕಬೇಡಿ. ನಾಲ್ಕನೇ ಸೆಮಿಸ್ಟರಿನವರನ್ನು ಹಿಡಿದು ಒಂದು ಟೀ ಕೊಡಿಸಿ. ಪ್ರಾಜೆಕ್ಟ್ ಏನು ಮಾಡುತ್ತಿದ್ದೀರಿ, ವಾರಕ್ಕೆ ಲ್ಯಾಬ್ ಎಷ್ಟು ಗಂಟೆ ನಿಜವಾಗಿ ನಡೆಯುತ್ತದೆ, ಹಾಸ್ಟೆಲ್ ಯಾವಾಗ ಸಿಕ್ಕಿತು ಅಂತ ಕೇಳಿ. ಕ್ಯಾಂಪಸ್ ಹಾಸ್ಟೆಲ್ ಬೇರೆ, ಬಿಸಿಎಂ ಹಾಸ್ಟೆಲ್ ಬೇರೆ. ಎರಡನೆಯದು ಹಿಂದುಳಿದ ವರ್ಗಗಳ ಇಲಾಖೆಯದು, ಅದಕ್ಕೆ ಅರ್ಜಿಯೂ ಬೇರೆ. ಈಗ ಜ್ಞಾನಭಾರತಿ ಅಂತಲೇ ಮೆಟ್ರೋ ಸ್ಟೇಷನ್ ಇದೆ. ಅಲ್ಲಿಂದ ನಿಮ್ಮ ಡಿಪಾರ್ಟ್‌ಮೆಂಟಿಗೆ ಗಡಿಯಾರ ನೋಡಿಕೊಂಡು ನಡೆಯಿರಿ, ಆಟೋ ಬೇಡ. ದಿನಾ ನಡೆಯಬೇಕಾದವರು ನೀವೇ.

ಅಪ್ಪನನ್ನು ಬಿಟ್ಟು ಹೋಗಿ ಅಂತ ಖಂಡಿತ ಹೇಳುವುದಿಲ್ಲ. ಆದರೆ ಅವರನ್ನು ಹಾಸ್ಟೆಲ್ ಕಡೆ ಕಳಿಸಿ, ಅಲ್ಲಿ ಮಕ್ಕಳು ಹೋಗುವುದು ಬರುವುದು ಅವರ ಕಣ್ಣಿಗೆ ಬೀಳಲಿ. ನೀವು ಡಿಪಾರ್ಟ್‌ಮೆಂಟಿನಲ್ಲಿರಿ. ನೋಟಿಸ್ ಬೋರ್ಡನ್ನು ಪೂರ್ತಿ ಓದಿ.

ಇನ್ನು ಸರ್ಕಾರಿಯೋ ಖಾಸಗಿಯೋ ಅನ್ನುವುದು. ಇಷ್ಟುದ್ದ ಪ್ರಶ್ನೆ ಬರೆದಿದ್ದೀರಿ, ಗಾಂಧಿ ಭವನ, ಲೈಬ್ರರಿ, ಆಡಳಿತ ಕಚೇರಿ ಎಲ್ಲದರ ಪಟ್ಟಿ ಹಾಕಿದ್ದೀರಿ. ಓದಬೇಕೆಂದಿರುವ ವಿಷಯ ಯಾವುದು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಅದನ್ನು ಮೊದಲು ಹೇಳಿ. ಗಾಂಧಿ ಭವನ ಎಲ್ಲೂ ಹೋಗುವುದಿಲ್ಲ, ಸೇರಿದ ಮೇಲೆ ನೋಡಬಹುದು. ಮತ್ತೆ, ಅಪ್ಪನಿಗೆ ಮರುದಿನ ನೀರಿನ ಸರದಿಯಿದ್ದರೆ ಪಕ್ಕದ ಗದ್ದೆಯವರಿಗೆ ಇವತ್ತೇ ಹೇಳಿಡಿ.