ಚೆಕ್ ಎಂಜಿನ್ ದೀಪ ಆರುತ್ತಿಲ್ಲ, ಗಾಡಿ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಏನು ಮಾಡಲಿ?

ಸದ್ಯಕ್ಕೆ ಎರಡೂ ಬೇಡ. ಸೆನ್ಸರ್ ಬದಲಿಸುವುದೂ ಬೇಡ, ಬ್ಯಾಟರಿ ಟರ್ಮಿನಲ್ ಬಿಚ್ಚುವುದೂ ಬೇಡ.

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು: ಪೆಟ್ರೋಲ್ ಕಾರು. ಎಂಜಿನ್ ಚಿತ್ರದ ಹಳದಿ ದೀಪ ಕೆಲವು ದಿನಗಳಿಂದ ಉರಿಯುತ್ತಲೇ ಇದೆ, ಮಿನುಗುತ್ತಿಲ್ಲ. ಪಿಕಪ್‌ನಲ್ಲಾಗಲಿ ಶಬ್ದದಲ್ಲಾಗಲಿ ವ್ಯತ್ಯಾಸ ಕಂಡಿಲ್ಲ. ಒಬ್ಬ ಮೆಕ್ಯಾನಿಕ್ ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ’ ಅಂದರು. ಇನ್ನೊಬ್ಬರು ‘ಬ್ಯಾಟರಿ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ, ತಾನಾಗಿ ಹೋಗುತ್ತೆ’ ಅಂದರು. ಯಾರ ಮಾತು ಕೇಳಲಿ, ಅಲ್ಲಿಯವರೆಗೆ ಗಾಡಿ ಓಡಿಸಬಹುದಾ ಅನ್ನುವುದು ನಿಮ್ಮ ಪ್ರಶ್ನೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಇಬ್ಬರಲ್ಲಿ ಒಬ್ಬರೂ ಸ್ಕ್ಯಾನರ್ ಹಾಕಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟಿರುವ ದೋಷದ ಕೋಡ್ ಓದಿದ ಹಾಗೆ ಕಾಣುವುದಿಲ್ಲ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ, ಮನೆಯವರ ಮತ್ತು ಗೆಳೆಯರ ಗಾಡಿಗಳಿಗೆಲ್ಲ ಸ್ಕ್ಯಾನರ್ ಚುಚ್ಚಿ ನೋಡುವ ಚಟ ಇರುವವನು. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಓಡಿಸುವ ವಿಷಯ. ದೀಪ ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಇದ್ದರೆ ನಿಧಾನವಾಗಿ ಮನೆಗೆ, ಕೆಲಸಕ್ಕೆ, ಗ್ಯಾರೇಜಿಗೆ ಹೋಗಿಬರಬಹುದು. ಕೋಡ್ ಓದಿಸುವ ತನಕ ದೂರದ ಪ್ರಯಾಣ ಬೇಡ. ಯಾಕೆಂದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್‌ನಂಥದ್ದು ಕೈಕೊಡುವ ಮೊದಲು ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ, ಎಂಜಿನ್ ಬಿಸಿಯಾದಾಗ ಸಿಗ್ನಲ್ ತಪ್ಪಿ ನಡುರಸ್ತೆಯಲ್ಲಿ ಆಫ್ ಆಗುತ್ತದೆ. ಅದರ ಕೋಡ್ ಪಿ0335. ಅದು ಬಂದಿದ್ದರೆ ಹೆದ್ದಾರಿ ಹತ್ತದಿರುವುದೇ ಲೇಸು.

ದೀಪ ಮಿನುಗಲು ಶುರುವಾದರೆ ಲೆಕ್ಕವೇ ಬೇರೆ. ಮಿನುಗುತ್ತಿದೆ ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಆ ಶಾಖಕ್ಕೆ ಒಳಗಿರುವ ಸಣ್ಣ ರಂಧ್ರಗಳ ಸೆರಾಮಿಕ್ ಕರಗಿ ಮುಚ್ಚಿಕೊಳ್ಳಬಹುದು. ಅದರ ಮೇಲಿನ ಲೇಪ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಹಾಗಾಗಿ ಗಾಡಿಯ ಅತಿ ದುಬಾರಿ ಬಿಡಿಭಾಗಗಳಲ್ಲಿ ಅದೂ ಒಂದು. ಒಂದು ಸ್ಪಾರ್ಕ್ ಪ್ಲಗ್ ಅಥವಾ ಅದಕ್ಕೆ ಕರೆಂಟ್ ಕೊಡುವ ಕಾಯಿಲ್‌ನಲ್ಲಿ ಮುಗಿಯಬೇಕಾದ ಖರ್ಚು ಹಲವು ಪಟ್ಟು ಬೆಳೆಯುವುದು ಹೀಗೆ. ಮಿನುಗಿದರೆ ಆಕ್ಸಿಲರೇಟರ್ ಬಿಡಿ, ಬದಿಗೆ ನಿಲ್ಲಿಸಿ, ಸಾಧ್ಯವಾದರೆ ಗಾಡಿಯನ್ನು ಗ್ಯಾರೇಜಿನವರು ಎಳೆದುಕೊಂಡೇ ಹೋಗಲಿ.

ಆಯಿಲ್ ಪ್ರೆಶರ್ ದೀಪ, ಟೆಂಪರೇಚರ್ ದೀಪ ಕೆಂಪಗೆ ಹತ್ತಿದರಂತೂ ಯೋಚಿಸುತ್ತಾ ಕೂರಬೇಡಿ, ತಕ್ಷಣ ಎಂಜಿನ್ ಆಫ್ ಮಾಡಿ. ಅವಕ್ಕೂ ಈ ಹಳದಿ ದೀಪಕ್ಕೂ ಹೋಲಿಕೆಯಿಲ್ಲ. ಈ ದೀಪ ಹುಟ್ಟಿದ್ದೇ ಮುಖ್ಯವಾಗಿ ಹೊಗೆಯ ಮಾಲಿನ್ಯದ ಮೇಲೆ ಕಣ್ಣಿಡಲು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ (ಗಾಡಿ ತನ್ನ ದೋಷ ತಾನೇ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ) ಕಡ್ಡಾಯವಾಯಿತು, ಆಮೇಲೆ ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಓಡಿಸುವವರಿಗೆ ಏನೂ ಗೊತ್ತಾಗದಿದ್ದರೂ ದೀಪ ಹತ್ತಿರುವುದಕ್ಕೆ ಕಾರಣ ಇದೇ: ಪಿಕಪ್ ಕಡಿಮೆಯಾಗುವ ಎಷ್ಟೋ ಮೊದಲೇ ಹೊಗೆಯ ಲೆಕ್ಕ ತಪ್ಪಿರುತ್ತದೆ. ಜೊತೆಗೆ, ಬಹುಪಾಲು ದೋಷಗಳ ವಿಷಯದಲ್ಲಿ, ಒಂದು ಸಲ ಮಾತ್ರ ಕಂಡರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ದೀಪ ಹಚ್ಚುವುದಿಲ್ಲ. ಬಾಕಿ ಕೋಡ್ ಎಂದು ಒಳಗೇ ಬರೆದಿಟ್ಟುಕೊಂಡು, ಮುಂದಿನ ಓಟದಲ್ಲೂ ಅದೇ ದೋಷ ಕಂಡರೆ ಆಗ ಹಚ್ಚುತ್ತದೆ. ಹಾಗಾಗಿ ‘ಸುಮ್ಮನೆ ಹತ್ತಿದೆ ಬಿಡಿ’ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಕೋಡ್ ಓದುವುದು ದೊಡ್ಡ ವಿದ್ಯೆಯೇನಲ್ಲ. ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಚುಚ್ಚಿ, ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಕು. ಇಗ್ನಿಷನ್ ಆನ್ ಮಾಡಿ ಓದಿಸಿ. ಬಂದ ಕೋಡ್ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ‘ಕ್ಲಿಯರ್’ ಗುಂಡಿಯ ಹತ್ತಿರ ಬೆರಳು ಹೋಗದಿರಲಿ.

ಕೋಡ್‌ನ ಜೊತೆಗೇ ಇನ್ನೊಂದು ಮಾಹಿತಿ ಇರುತ್ತದೆ, ಫ್ರೀಜ್ ಫ್ರೇಮ್ ಅಂತ. ದೋಷ ಕಂಡ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ವೇಗ ಎಷ್ಟು, ಕೂಲಂಟ್ ಬಿಸಿ ಎಷ್ಟು, ಎಂಜಿನ್ ಮೇಲೆ ಲೋಡ್ ಎಷ್ಟಿತ್ತು ಎಂಬುದನ್ನೆಲ್ಲ ಇಸಿಯು ಹಿಡಿದಿಟ್ಟಿರುತ್ತದೆ. ನನ್ನ ಮಟ್ಟಿಗೆ ಕೋಡ್‌ಗಿಂತ ಇದಕ್ಕೇ ಬೆಲೆ ಹೆಚ್ಚು. ದೋಷ ಬಂದದ್ದು ಬೆಳಗ್ಗೆ ತಣ್ಣಗಿನ ಎಂಜಿನ್‌ನಲ್ಲೋ, ಏರು ಹತ್ತುವಾಗಲೋ, ಸಿಗ್ನಲ್‌ನಲ್ಲಿ ನಿಂತಾಗಲೋ ಎಂದು ತಿಳಿದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಟರ್ಮಿನಲ್ ಬಿಚ್ಚಿದರೆ ಇದು ಅಳಿಸಿಹೋಗುತ್ತದೆ. ಅಷ್ಟೇ ಅಲ್ಲ, ಇಸಿಯು ಇಷ್ಟು ದಿನ ಕಲಿತಿದ್ದ ಇಂಧನದ ಹೊಂದಾಣಿಕೆ, ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ಸ್ಥಿತಿ) ಹೊಂದಾಣಿಕೆಗಳೂ ಹೋಗಬಹುದು. ಸ್ವಯಂ ಪರೀಕ್ಷೆಗಳ ಫಲಿತಾಂಶವೆಲ್ಲ ‘ಇನ್ನೂ ಮುಗಿದಿಲ್ಲ’ ಎಂಬ ಸ್ಥಿತಿಗೆ ಮರಳುತ್ತದೆ. ದೀಪ ಆರುತ್ತದೆ ನಿಜ, ದೋಷ ಅಲ್ಲೇ ಇದ್ದರೆ ಕೆಲವು ದಿನದಲ್ಲಿ ಮತ್ತೆ ಹತ್ತುತ್ತದೆ. ಆಗ ಸುಳಿವೆಲ್ಲ ಮೊದಲಿಂದ ಕಲೆಹಾಕಬೇಕು. ಎರಡನೇ ಮೆಕ್ಯಾನಿಕ್ ಕೊಟ್ಟ ಸಲಹೆಯ ಹಣೆಬರಹ ಇದು.

ಈಗ ಮೊದಲನೆಯವರ ವಿಷಯ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಯಾವ ತಪ್ಪೂ ಮಾಡದೆ ಅತಿ ಹೆಚ್ಚು ಸಲ ಕಸದ ಬುಟ್ಟಿ ಸೇರುವ ಬಿಡಿಭಾಗ ಈ ಆಕ್ಸಿಜನ್ ಸೆನ್ಸರ್.

ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ, ಮಿಶ್ರಣ ಸರಿಯಿದೆಯೋ ಇಲ್ಲವೋ ಎಂದು ಇಸಿಯುಗೆ ತಿಳಿಸುವುದಷ್ಟೇ ಈ ಸೆನ್ಸರ್‌ನ ಕೆಲಸ. ನಿಮ್ಮ ಗಾಡಿಯಲ್ಲಿ ಪಿ0171 ಬಂದಿದೆ ಅಂದುಕೊಳ್ಳಿ. ಅದರ ಅರ್ಥ ಮಿಶ್ರಣ ಲೀನ್ ಆಗಿದೆ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹಾಗೆಂದು ದೂರು ಕೊಟ್ಟದ್ದು ಸೆನ್ಸರ್. ಅದನ್ನೇ ಕಿತ್ತು ಹೊಸದು ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಹೊಸ ಸೆನ್ಸರ್ ಕೂಡ ಅದೇ ದೂರು ಕೊಡುತ್ತದೆ. ನಿಜವಾದ ಕಾರಣ ಏರ್ ಫಿಲ್ಟರ್ ಆಚೆಗಿನ ಹೋಸ್ ಬಿರುಕು ಬಿಟ್ಟಿರುವುದು, ಸಣ್ಣದೊಂದು ವ್ಯಾಕ್ಯೂಮ್ ಪೈಪ್ ಕಳಚಿಕೊಂಡಿರುವುದು, ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮೇಲೆ ಧೂಳು ಕೂತಿರುವುದು, ಪೆಟ್ರೋಲ್ ಪಂಪ್ ಸೋತಿರುವುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡಿರುವುದು, ಇವುಗಳಲ್ಲಿ ಯಾವುದೂ ಆಗಿರಬಹುದು. ಸೆನ್ಸರ್‌ಗಿಂತ ಮುಂಚೆ ಎಗ್ಸಾಸ್ಟ್ ಪೈಪ್ ಸೋರುತ್ತಿದ್ದರೂ ಹೊರಗಿನ ಗಾಳಿ ಒಳಸೇರಿ ಲೀನ್ ಎಂದೇ ತೋರಿಸುತ್ತದೆ.

ಇವುಗಳಲ್ಲಿ ಯಾವುದೆಂದು ತಿಳಿಯಲು ಅದೇ ಆ್ಯಪ್‌ನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಸುರಿಯಬೇಕಾಗಿ ಬಂದಿದೆ ಎಂಬ ಇಸಿಯು ಲೆಕ್ಕ ಅದು. ಸೊನ್ನೆಯ ಆಚೀಚೆ ಸಣ್ಣ ಅಂಕಿಗಳಿದ್ದರೆ ಚಿಂತೆಯಿಲ್ಲ. ಲಾಂಗ್ ಟರ್ಮ್ ಟ್ರಿಮ್, ಅಂದರೆ ಇಸಿಯು ಬಹಳ ಓಟಗಳಿಂದ ಕಲಿತಿಟ್ಟ ಅಂಕಿ, ಶೇಕಡಾ 10 ದಾಟಿ ಅಲ್ಲೇ ಕೂತಿದ್ದರೆ ಏನೋ ಇದೆ. ಐಡಲ್‌ನಲ್ಲಿ ಅಂಕಿ ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಇಳಿದರೆ ಬಹುಮಟ್ಟಿಗೆ ಎಲ್ಲೋ ಗಾಳಿ ಸೋರಿಕೆ: ಐಡಲ್‌ನಲ್ಲಿ ಒಳಹೋಗುವ ಗಾಳಿಯೇ ಕಡಿಮೆ, ಅಲ್ಲಿ ಸಣ್ಣ ತೂತೂ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಉಲ್ಟಾ, ಆರ್‌ಪಿಎಂ ಮತ್ತು ಲೋಡ್ ಏರಿದಂತೆ ಅಂಕಿಯೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಂಎಎಫ್ ಸುಳ್ಳು ಹೇಳುತ್ತಿದೆ. ಈ ಒಂದು ಪರೀಕ್ಷೆಗೆ ಕಾಸು ಖರ್ಚಿಲ್ಲ, ಆದರೂ ಇದನ್ನು ಮಾಡದೆ ಸೆನ್ಸರ್ ಬದಲಿಸಿದ ಬಿಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಿ0420 ಬಂದರೂ ಇದೇ ರಗಳೆ. ಅದು ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಕುಂದಿದೆ ಎನ್ನುವ ಕೋಡ್. ಕನ್ವರ್ಟರ್‌ಗೆ ಮೊದಲು ಒಂದು ಸೆನ್ಸರ್, ಆಮೇಲೆ ಒಂದು ಸೆನ್ಸರ್ ಇರುತ್ತವೆ. ಕನ್ವರ್ಟರ್ ಚೆನ್ನಾಗಿದ್ದರೆ ಅದರ ಆಚೆಗಿರುವ ಎರಡನೇ ಸೆನ್ಸರ್‌ನ ವೋಲ್ಟೇಜ್ 0.6, 0.7ರ ಸುಮಾರಿಗೆ ಹೆಚ್ಚು ಅಲುಗಾಡದೆ ನಿಂತಿರುತ್ತದೆ. ಅದೂ ಮೊದಲ ಸೆನ್ಸರ್‌ನ ಹಾಗೆ 0.1ರಿಂದ 0.9ರವರೆಗೆ ಏರಿಳಿಯಲು ಶುರುಮಾಡಿದರೆ ಕನ್ವರ್ಟರ್ ಸೋತಿದೆ ಎಂದು ಇಸಿಯು ತೀರ್ಮಾನಿಸುತ್ತದೆ. (ಈಚಿನ ಎಷ್ಟೋ ಗಾಡಿಗಳಲ್ಲಿ ಮೊದಲನೆಯದು ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯ ಸೆನ್ಸರ್, ಅದರಲ್ಲಿ ಈ ಏರಿಳಿತ ಕಾಣುವುದಿಲ್ಲ, ಗಾಬರಿಯಾಗಬೇಡಿ.) ಹೊಸ ಕನ್ವರ್ಟರ್‌ಗೆ ಒಪ್ಪುವ ಮೊದಲು ಎರಡು ವಿಷಯ ಕೇಳಿ: ಎಗ್ಸಾಸ್ಟ್ ಎಲ್ಲಾದರೂ ಸೋರುತ್ತಿದೆಯಾ, ಎಂಜಿನ್ ಮಿಸ್ ಹೊಡೆಯುತ್ತಿತ್ತಾ ಅಥವಾ ಆಯಿಲ್ ಕುಡಿಯುತ್ತಿದೆಯಾ? ಕನ್ವರ್ಟರನ್ನು ಕೆಡಿಸಿದ ಕಾರಣ ಹಾಗೇ ಉಳಿದರೆ ಹೊಸದೂ ಕೆಡುತ್ತದೆ.

ಹಾಗಂತ ಸೆನ್ಸರ್ ಕೆಡುವುದೇ ಇಲ್ಲ ಎನ್ನುತ್ತಿಲ್ಲ. ಪಿ0135 ಬಂದರೆ ಕನ್ವರ್ಟರ್‌ಗೆ ಮೊದಲಿರುವ ಸೆನ್ಸರ್‌ನ ಒಳಗಿನ ಹೀಟರ್ ಸರ್ಕಿಟ್‌ನಲ್ಲೇ ತೊಂದರೆ. ಫ್ಯೂಸ್ ಮತ್ತು ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ನೋಡಿ, ಅವೆರಡೂ ಸರಿಯಿದ್ದರೆ ಆ ಮೆಕ್ಯಾನಿಕ್ ಹೇಳಿದ್ದೇ ನಿಜವಿರಬಹುದು. ಕೋಡ್ ತೋರಿಸಿ ಹೇಳಲಿ ಅಷ್ಟೇ.

ಪಿ0301ರಿಂದ ಪಿ0304ರ ತನಕ ಬಂದರೆ ಕೊನೆಯ ಅಂಕಿಯೇ ಮಿಸ್ ಹೊಡೆಯುತ್ತಿರುವ ಸಿಲಿಂಡರ್. ಪ್ರತಿ ಸಿಲಿಂಡರ್‌ಗೆ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾದರೆ ಇದನ್ನು ಪತ್ತೆಹಚ್ಚುವುದು ಸುಲಭ. ಎರಡನೇ ಸಿಲಿಂಡರ್‌ನ ಕಾಯಿಲ್ ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ. ಕೋಡ್ ಬರೆದಿಟ್ಟುಕೊಂಡು ಅಳಿಸಿ, ಸ್ವಲ್ಪ ಓಡಿಸಿ. ಪಿ0302 ಹೋಗಿ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ.

ಪಿ0455 ಅಥವಾ ಪಿ0457 ಬಂದರೆ ನಿಮ್ಮ ಅದೃಷ್ಟ. ಪೆಟ್ರೋಲ್ ಆವಿ ಹೊರಹೋಗದಂತೆ ಹಿಡಿದಿಡುವ ವ್ಯವಸ್ಥೆಯಲ್ಲಿ ಸೋರಿಕೆ ಎಂದರ್ಥ, ಎಷ್ಟೋ ಸಲ ಪೆಟ್ರೋಲ್ ಹಾಕಿಸಿದಾಗ ಟ್ಯಾಂಕ್ ಮುಚ್ಚಳ ಸರಿಯಾಗಿ ತಿರುಗಿಸಿರುವುದಿಲ್ಲ. ಟಕ್ ಟಕ್ ಎನ್ನುವ ತನಕ ತಿರುಗಿಸಿ, ಒಳಗಿನ ರಬ್ಬರ್ ರಿಂಗ್ ಬಿರುಕು ಬಿಟ್ಟಿದೆಯಾ ನೋಡಿ. ದೀಪ ಕೂಡಲೇ ಆರುವುದಿಲ್ಲ. ಈ ಪರೀಕ್ಷೆಯನ್ನು ಇಸಿಯು ಮಾಡುವುದು ಸಾಮಾನ್ಯವಾಗಿ ಟ್ಯಾಂಕ್ ತೀರಾ ಖಾಲಿಯೂ ಅಲ್ಲದೆ ತೀರಾ ಭರ್ತಿಯೂ ಅಲ್ಲದೆ ಇದ್ದಾಗ. ಹಾಗಾಗಿ ಕೆಲವು ದಿನ ಕಾಯಬೇಕು.

ಪಿ0128 ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ. ಮೊದಲು ಕೂಲಂಟ್ ಮಟ್ಟ ನೋಡಿ, ಅದು ಸರಿಯಿದ್ದರೆ ಹೆಚ್ಚಾಗಿ ಥರ್ಮೋಸ್ಟ್ಯಾಟ್ (ಕೂಲಂಟ್ ಹರಿವನ್ನು ತಡೆದು ಬಿಡುವ ವಾಲ್ವ್) ತೆರೆದುಕೊಂಡೇ ನಿಂತಿರುತ್ತದೆ. ಅವಸರವಿಲ್ಲ, ಆದರೆ ಮೈಲೇಜ್ ತಿನ್ನುತ್ತದೆ. ಪಿ0 ಎಂದು ಶುರುವಾಗುವ ಕೋಡ್‌ಗಳ ಅರ್ಥ ಎಲ್ಲ ಕಂಪನಿಗಳಿಗೂ ಒಂದೇ. ಪಿ1 ಎಂದಿದ್ದರೆ ಅದು ತಯಾರಕರದೇ ಸ್ವಂತ ಕೋಡ್, ಸಿಕ್ಕ ಸಿಕ್ಕ ಪಟ್ಟಿ ನೋಡಿ ಅರ್ಥ ಹಚ್ಚಬೇಡಿ.

ಒಂದಕ್ಕೊಂದು ಸಂಬಂಧವಿಲ್ಲದ ಕೋಡ್‌ಗಳು ಗುಂಪುಗುಂಪಾಗಿ ಬಂದರೆ ಒಂದೊಂದನ್ನೇ ಬೆನ್ನಟ್ಟುವ ಮೊದಲು ಬ್ಯಾಟರಿ ವೋಲ್ಟೇಜ್ ಮತ್ತು ಅರ್ತ್ ವೈರ್ ನೋಡಿಸಿ. ಸೋತ ಬ್ಯಾಟರಿ ಇಲ್ಲದ ರೋಗಗಳನ್ನೆಲ್ಲ ತೋರಿಸುತ್ತದೆ. ಅದಕ್ಕಿಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ದೀಪ ಹತ್ತುವ ಮುಂಚೆ ಬಾನೆಟ್ ಒಳಗೆ ಯಾರಾದರೂ ಕೈಯಿಟ್ಟಿದ್ದರಾ? ಏರ್ ಫಿಲ್ಟರ್ ಬದಲಿಸಿದ್ದು, ಎಂಜಿನ್ ತೊಳೆಸಿದ್ದು, ಸರ್ವಿಸ್‌ಗೆ ಬಿಟ್ಟದ್ದು? ಹೌದಾದರೆ ಮುಟ್ಟಿದ ಜಾಗದಲ್ಲೇ ಸಡಿಲವಾದ ಕಪ್ಲರ್ ಅಥವಾ ಕ್ಲಿಪ್ ಹಾಕದ ಹೋಸ್ ಸಿಗುವ ಸಂಭವ ಹೆಚ್ಚು. ಟಾರ್ಚ್ ಹಿಡಿದು ನೋಡಿದರೆ ನಿಮಗೇ ಕಾಣುತ್ತದೆ.

ಹಳೆಯ ಗಾಡಿ ಕೊಳ್ಳುವವರಿಗೆ ಒಂದು ಮಾತು, ನಿಮ್ಮ ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ. ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದಾಗ ಈ ದೀಪ ಹತ್ತಲೇಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದೇ ಇದ್ದರೆ ದೀಪವನ್ನೇ ಯಾರೋ ಕಳಚಿರಬಹುದು.

ರಿಪೇರಿಯಾದ ಮೇಲೆ ದೀಪವನ್ನು ಸ್ಕ್ಯಾನರ್‌ನಿಂದ ಆರಿಸಬಹುದು. ಆರಿಸದಿದ್ದರೂ ಪರವಾಗಿಲ್ಲ, ಸತತ ಮೂರು ಓಟಗಳಲ್ಲಿ ಪರೀಕ್ಷೆ ನಡೆದು ದೋಷ ಕಾಣದಿದ್ದರೆ ಇಸಿಯು ತಾನೇ ಆರಿಸುತ್ತದೆ. ಮೆಕ್ಯಾನಿಕ್ ಹತ್ತಿರ ಹೋದಾಗ ‘ದೀಪ ಹೋಗುವ ಹಾಗೆ ಮಾಡಿಕೊಡಿ’ ಅನ್ನಬೇಡಿ. ಹಾಗೆ ಕೇಳಿದರೆ ಅಷ್ಟನ್ನೇ ಮಾಡಿಕೊಡುತ್ತಾರೆ. ಕೋಡ್ ಇದು, ಫ್ರೀಜ್ ಫ್ರೇಮ್ ಇದು, ಯಾವ ಭಾಗ ಬದಲಿಸುತ್ತೀರಿ, ಅದೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿ. ತಿಳಿದವರು ಬೇಸರಪಡದೆ ಹೇಳುತ್ತಾರೆ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ ಪಡೆಯಿರಿ.

ಕೋಡ್ ಸಿಕ್ಕಿದ ಮೇಲೆ ಅದರ ಜೊತೆ ಐಡಲ್‌ನಲ್ಲಿ ಮತ್ತು 2500 ಆರ್‌ಪಿಎಂನಲ್ಲಿ ಫ್ಯೂಯೆಲ್ ಟ್ರಿಮ್ ಎಷ್ಟಿತ್ತು ಅನ್ನುವುದನ್ನೂ ಇಲ್ಲಿ ಹಾಕಿ, ಮುಂದಿನದನ್ನು ನೋಡೋಣ.