ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸುವುದನ್ನು ತಡೆಯಲು ಕಂಬ ನೆಟ್ಟರೆ ಸಾಕೇ?

ನಿಮ್ಮ ಬೀದಿಯ ಫುಟ್‌ಪಾತ್ ಮೇಲೆ ಕಾರು, ಬೈಕುಗಳು ಸಾಲಾಗಿ ನಿಲ್ಲುತ್ತವೆ, ಮಕ್ಕಳು ಮತ್ತು ವಯಸ್ಸಾದವರು ರಸ್ತೆಗಿಳಿದು ನಡೆಯಬೇಕಾಗಿದೆ, ಉದ್ದಕ್ಕೂ ಕಬ್ಬಿಣದ ಕಂಬ ನೆಟ್ಟರೆ ಸರಿಹೋದೀತೇ ಎಂದು ಕೇಳಿದ್ದೀರಿ. ಕಂಬದಿಂದ ಪ್ರಯೋಜನವಿದೆ, ಆದರೆ ಉದ್ದಕ್ಕೂ ಬೇಕಿಲ್ಲ. ವಾಹನ ಎಲ್ಲಿ ನಿಂತಿದೆ ಎಂಬುದಕ್ಕಿಂತ ಎಲ್ಲಿ ಹತ್ತಿತು ಎಂಬುದನ್ನು ಮೊದಲು ನೋಡಿ.

ಅಂಚುಗಲ್ಲು 15 ಸೆಂ.ಮೀ. ಎತ್ತರವಿದ್ದು, ಅದರ ಮುಖ ನೇರವಾಗಿದ್ದರೆ ಹೆಚ್ಚಿನ ಚಾಲಕರು ಅದರ ಮೇಲೆ ಹತ್ತಿಸಲು ಹಿಂಜರಿಯುತ್ತಾರೆ. 10 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಥವಾ ಮುಖ ಓರೆಯಾಗಿದ್ದರೆ ಸಲೀಸಾಗಿ ಹತ್ತಿಸುತ್ತಾರೆ. ಹಾಗೆಂದು 20, 25 ಸೆಂ.ಮೀ. ಏರಿಸಬೇಡಿ. ಮಂಡಿನೋವಿನವರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ, ಫುಟ್‌ಪಾತ್ ಇದ್ದೂ ಇಲ್ಲದಂತಾಗುತ್ತದೆ. ಅಂಚುಗಲ್ಲು ಸರಿಯಿದ್ದ ಕಡೆಯೂ ವಾಹನಗಳು ಮೇಲೆ ಬರುವುದು ಗೇಟುಗಳ ಮುಂದಿನ ಇಳಿಜಾರಿನಿಂದ. ಒಂದು ಗೇಟಿನ ಬಳಿ ಹತ್ತಿ, ಫುಟ್‌ಪಾತ್ ಮೇಲೆಯೇ ಮುಂದೆ ಸಾಗಿ, ಪಕ್ಕದ ಮನೆಯ ಮುಂದೆ ನಿಲ್ಲಿಸುತ್ತಾರೆ. ಹಾಗಾಗಿ ಪ್ರತಿ ಇಳಿಜಾರಿನ ಎರಡೂ ಬದಿಯಲ್ಲಿ, ಫುಟ್‌ಪಾತಿಗೆ ಅಡ್ಡಲಾಗಿ ಕಂಬ ಬೇಕು. ಗೇಟಿಗೆ ಹೋಗುವವರಿಗೆ ದಾರಿ ಉಳಿಯುತ್ತದೆ, ಪಕ್ಕಕ್ಕೆ ತಿರುಗಲು ಮಾತ್ರ ಆಗುವುದಿಲ್ಲ.

ಇಳಿಜಾರನ್ನೂ ಅಳೆದು ನೋಡಿ. ಅದು ಅಂಚಿನ 45–60 ಸೆಂ.ಮೀ. ಪಟ್ಟಿಯಲ್ಲೇ ಮುಗಿಯಬೇಕು, ನಡೆಯುವ ಭಾಗ ಗೇಟಿನ ಮುಂದೆಯೂ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು. ಪ್ರತಿ ಮನೆಯ ಮುಂದೆ ಇಡೀ ಫುಟ್‌ಪಾತ್ ರಸ್ತೆ ಮಟ್ಟಕ್ಕೆ ಇಳಿದು ಮತ್ತೆ ಏರಿದರೆ ಗಾಲಿಕುರ್ಚಿಯವರು ಅದನ್ನು ಬಳಸಲಾರರು.

ಕಂಬಗಳ ನಡುವೆ 1.2 ಮೀಟರ್ ಖಾಲಿ ಜಾಗ ಬಿಡಿ. ಗಾಲಿಕುರ್ಚಿಯ ಅಗಲ ಸುಮಾರು 70 ಸೆಂ.ಮೀ., ಅದು ಆರಾಮಾಗಿ ದಾಟುತ್ತದೆ. ಸಣ್ಣ ಕಾರು ಕೂಡ ಸುಮಾರು ಒಂದೂವರೆ ಮೀಟರ್ ಅಗಲವಿರುವುದರಿಂದ ನುಗ್ಗದು. ಕಂಬದ ಎತ್ತರ ಮುಕ್ಕಾಲರಿಂದ ಒಂದು ಮೀಟರ್ ಇರಲಿ. ಮಂಡಿಗಿಂತ ಗಿಡ್ಡದಾದರೆ ಹಿಂದಕ್ಕೆ ಬರುವ ಚಾಲಕನಿಗೆ ಕಾಣಿಸದು, ನಡೆಯುವವರೂ ಎಡವುತ್ತಾರೆ. ತುದಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬೇಕು. ಕಂಬದಿಂದ ಕಂಬಕ್ಕೆ ಸರಪಳಿ ಕಟ್ಟಲೇಬೇಡಿ. ದೃಷ್ಟಿಹೀನರ ಕೋಲು ಸರಪಳಿಯ ಕೆಳಗೆ ಹಾದುಹೋಗುತ್ತದೆ, ಮೈ ಮಾತ್ರ ಹೋಗಿ ತಾಗುತ್ತದೆ. ಗುಂಡಿ ತೋಡುವ ಮುನ್ನ ವಿದ್ಯುತ್ ಕೇಬಲ್, ನೀರಿನ ಪೈಪ್ ಎಲ್ಲಿವೆ ಎಂದು ಕೇಳಿ ತಿಳಿಯುವುದು ಕಡ್ಡಾಯ.

ಇಲ್ಲಿ ಒಂದು ಮಿತಿಯನ್ನು ಒಪ್ಪಬೇಕು. ಗಾಲಿಕುರ್ಚಿ ಹೋಗುವ ಸಂದಿಯಲ್ಲಿ ಬೈಕೂ ಹೋಗುತ್ತದೆ. ದ್ವಿಚಕ್ರ ವಾಹನಗಳನ್ನು ಕಂಬದಿಂದ ತಡೆಯಲಾಗದು, ಅವಕ್ಕೆ ಜಾಗ ಕೊಟ್ಟೇ ತಡೆಯಬೇಕು. ರಸ್ತೆ ಬದಿಯಲ್ಲಿ ಒಂದು ಕಾರಿನ ಜಾಗದಲ್ಲಿ, ಅಂದರೆ ಸುಮಾರು 5 ಮೀಟರ್ ಉದ್ದದಲ್ಲಿ, ಐದು ಬೈಕುಗಳು ನಿಲ್ಲುತ್ತವೆ. ತಿರುವಿನ ಹತ್ತಿರ ಕಾರು ನಿಲ್ಲಿಸಬಾರದ ಕಡೆ ಈ ಜಾಗ ಗುರುತಿಸಬೇಡಿ. ತಿರುವು ಮತ್ತು ಜೀಬ್ರಾ ಪಟ್ಟೆಯ ಮುಂಚಿನ 5–6 ಮೀಟರ್ ಪೂರ್ತಿ ಖಾಲಿ ಇರಬೇಕು.

ಅದು ಯಾಕೆಂದರೆ, ಫುಟ್‌ಪಾತ್ ಮುಚ್ಚಿದಾಗ ಅತಿ ಅಪಾಯದ ಘಳಿಗೆ ರಸ್ತೆಗೆ ಕಾಲಿಡುವ ಆ ಮೊದಲ ಹೆಜ್ಜೆ. ನಿಂತ ಕಾರಿನ ಮರೆಯಿಂದ ಹೊರಬರುವ ಮಗು ಚಾಲಕನಿಗೆ ಕಾಣುವುದೇ ಕೊನೆಯ ಕ್ಷಣದಲ್ಲಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಚಾಲಕ ಬ್ರೇಕ್ ಒತ್ತುವುದಕ್ಕೆ ಅಷ್ಟು ಬೇಕು, ಒಣ ರಸ್ತೆಯಲ್ಲೂ ವಾಹನ ನಿಲ್ಲಲು ಇನ್ನೂ ಸುಮಾರು 14 ಮೀಟರ್ ಬೇಕು. 30 ಕಿ.ಮೀ. ವೇಗದಲ್ಲಿ ಎರಡೂ ಸೇರಿ ಸುಮಾರು 13 ಮೀಟರ್. ಆದ್ದರಿಂದ ಕಂಬ ಬರುವವರೆಗೆ ವೇಗತಡೆಯನ್ನಾದರೂ ಕೇಳಿ.

ದೂರು ಕೊಡುವಾಗ ಫುಟ್‌ಪಾತಿನ ಒಟ್ಟು ಅಗಲ ಬರೆಯಬೇಡಿ, ಗೋಡೆಗೂ ವಾಹನಕ್ಕೂ ನಡುವೆ ಉಳಿದ ಜಾಗ ಬರೆಯಿರಿ. ಅಳತೆ ಟೇಪ್ ಹಿಡಿದೇ ಫೋಟೊ ತೆಗೆಯಿರಿ. ಅಂಚುಗಲ್ಲು, ನಂಬರ್ ಪ್ಲೇಟ್, ಗುರುತಿನ ಕಟ್ಟಡ ಮೂರೂ ಒಂದೇ ಚೌಕಟ್ಟಿನಲ್ಲಿರಲಿ. 90 ಸೆಂ.ಮೀ.ಗಿಂತ ಕಡಿಮೆ ಉಳಿದಿದ್ದರೆ ಗಾಲಿಕುರ್ಚಿಯವರ ಪಾಲಿಗೆ ದಾರಿ ಮುಚ್ಚಿದಂತೆಯೇ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು 1.8 ಮೀಟರ್ ಬೇಕು. ದೃಷ್ಟಿಹೀನರಿಗಾಗಿ ಹಾಕಿರುವ ಉಬ್ಬುಗೆರೆಯ ಹಲಗೆಗಳ ಮೇಲೆ ವಾಹನ ನಿಂತಿದ್ದರೆ ಅದನ್ನು ಪ್ರತ್ಯೇಕವಾಗಿ ತೋರಿಸಿ. 1967ರಲ್ಲಿ ಜಪಾನಿನ ಒಕಾಯಾಮಾದಲ್ಲಿ ಮೊದಲು ಬಂದ ಈ ಹಲಗೆಗಳನ್ನು ನಂಬಿ ನಡೆಯುವವರನ್ನು ಅವು ನೇರ ವಾಹನದ ಮೇಲೆಯೇ ಕರೆದೊಯ್ಯುತ್ತವೆ.

ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಹೊತ್ತೂ ನೋಡಿ. ರಾತ್ರಿಯಿಡೀ ನಿಲ್ಲುವ ನಿವಾಸಿಗಳ ಕಾರಿಗೂ ಹತ್ತು ನಿಮಿಷ ಸರಕಿಳಿಸುವ ಗಾಡಿಗೂ ಮದ್ದು ಬೇರೆ. ಎರಡನೆಯದಕ್ಕೆ ದಂಡಕ್ಕಿಂತ ಸರಕಿಳಿಸುವ ಜಾಗ ಗುರುತಿಸುವುದು ಒಳ್ಳೆಯದು. ನಿಯಮವನ್ನೇ ಬದಲಿಸಲು ಒತ್ತಾಯಿಸುವುದಾದರೆ ಲಂಡನ್ ಮಾದರಿ ಮುಂದಿಡಿ: 1974ರ ಕಾನೂನಿನಿಂದ ಅಲ್ಲಿ ಫುಟ್‌ಪಾತ್ ಮೇಲೆ ನಿಲ್ಲಿಸುವುದೇ ನಿಷಿದ್ಧ, ಫಲಕ ಹಾಕಿ ಅನುಮತಿಸಿದ ಕಡೆ ಮಾತ್ರ ವಿನಾಯಿತಿ. ಹೀಗಿದ್ದರೆ ಪ್ರತಿ ಸಲವೂ ‘ಅಡ್ಡಿಯಾಯಿತು’ ಎಂದು ಸಾಬೀತುಪಡಿಸುವ ಪಾಡು ಇರುವುದಿಲ್ಲ.

ಒಡೆದ ಚಪ್ಪಡಿಗಳನ್ನೂ ದೂರಿನಲ್ಲಿ ಸೇರಿಸಿ. ನಡಿಗೆಗೆಂದು ಹಾಕುವ 60 ಮಿ.ಮೀ. ದಪ್ಪದ ಕಲ್ಲು ಕಾರಿನ ಒಂದೊಂದು ಚಕ್ರದ 300–400 ಕೆ.ಜಿ. ಭಾರವನ್ನು ದಿನವೂ ತಾಳದು. ಅಂಚು ಕುಸಿದು, ಸಂದಿಯಲ್ಲಿ ನೀರಿಳಿದು, ಕೆಳಗಿನ ಮರಳು ಜರುಗುತ್ತದೆ. ಗೇಟಿನ ಮುಂದೆ ಮಾತ್ರ 80 ಮಿ.ಮೀ. ದಪ್ಪದ್ದು ಹಾಕಿಸಿ. ಎಲ್ಲ ಕಡೆ ದಪ್ಪ ಕಲ್ಲು ಹಾಕಿದರೆ ವಾಹನಗಳಿಗೇ ಅನುಕೂಲ ಮಾಡಿಕೊಟ್ಟಂತೆ.

ನೀವೇ ಬಂಡೆಕಲ್ಲು, ಹೂಕುಂಡ ತಂದಿಡುವುದಂತೂ ಬೇಡ. ಕತ್ತಲಲ್ಲಿ ಯಾರಾದರೂ ಎಡವಿ ಬಿದ್ದರೆ ಹೊಣೆ ನಿಮ್ಮದಾಗುತ್ತದೆ.